ಜಲಾನಯನದ ಮಾಡೆಲ್‌ಗೆ ಎಷ್ಟು ವಿವರ ಸಾಕು? ಒಂದೇ ಘಟಕ, ಉಪಜಲಾನಯನ, ಗ್ರಿಡ್: ಬೆಂಗಳೂರಿನ ಕೆಲಸಕ್ಕೆ ಹೋಲಿಕೆಯ ಮಾರ್ಗದರ್ಶಿ

ಕೆರೆ ಪುನಶ್ಚೇತನದ ವರದಿ ಇರಲಿ, ರಾಜಕಾಲುವೆ ಅಗಲ ಮಾಡುವ ಡಿಪಿಆರ್ (ವಿವರವಾದ ಯೋಜನಾ ವರದಿ) ಇರಲಿ, ಎಂ.ಟೆಕ್ ಪ್ರಾಜೆಕ್ಟ್ ಇರಲಿ, ಜಲಾನಯನದ ಮಾಡೆಲ್ (ಬಿದ್ದ ಮಳೆ ಎಷ್ಟು, ಯಾವಾಗ ಹರಿವಾಗುತ್ತದೆ ಎಂಬ ಕಂಪ್ಯೂಟರ್ ಲೆಕ್ಕ) ಕಟ್ಟಲು ಕೂತವರು ಮೊದಲ ದಿನವೇ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಪ್ರದೇಶವನ್ನು ಎಷ್ಟು ಸಣ್ಣ ತುಂಡುಗಳಾಗಿ ಮಾಡುವುದು? ಬಹಳ ಕಡೆ ಇದನ್ನು ಸಾಫ್ಟ್‌ವೇರ್‌ನ ಡಿಫಾಲ್ಟ್ ಸಂಖ್ಯೆಗೆ ಬಿಟ್ಟುಬಿಡುತ್ತಾರೆ, ಇಲ್ಲವೇ ಸಿಕ್ಕ ಡಿಇಎಂ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಎಷ್ಟು ಮೀಟರಿನದೋ ಅಷ್ಟಕ್ಕೇ ಗ್ರಿಡ್ (ಚೌಕ ಕೋಶಗಳ ಜಾಲ) ಹಾಕಿಬಿಡುತ್ತಾರೆ. ಎರಡರಿಂದಲೂ ಲೆಕ್ಕ ಕೆಡುತ್ತದೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಔಟ್‌ಲೆಟ್‌ಗೆ, ಅಂದರೆ ಜಲಾನಯನದ ನೀರೆಲ್ಲ ಹೊರಬೀಳುವ ಬಿಂದುವಿಗೆ, ತಿಂಗಳಿಗೆ ಎಷ್ಟು ನೀರು ಬಂತು ಎಂಬುದಷ್ಟೇ ಬೇಕಿದ್ದರೆ ಸೂಕ್ಷ್ಮ ವಿವರದಿಂದ ಸಿಗುವ ಲಾಭ ತೀರಾ ಕಡಿಮೆ. ಒಳಗಿನ ಒಂದು ಕೆರೆ, ಒಂದು ಮೋರಿ, ಒಂದು ಬಡಾವಣೆಯ ಬಗ್ಗೆ ಉತ್ತರ ಬೇಕಿದ್ದರೆ ವಿವರ ಬೇಕೇ ಬೇಕು. ಆದರೆ ಅದನ್ನು ಎಲ್ಲ ಕಡೆಗೂ ಸಮನಾಗಿ ಹರಡಬಾರದು. ಮೊದಲ ಪಾಲು ಮಳೆಗೆ, ಎರಡನೆಯದು ಕಾಲುವೆ ಮತ್ತು ಕೆರೆಗಳ ಜಾಲಕ್ಕೆ, ಮೂರನೆಯದು ನೆಲದ ಹೊದಿಕೆಗೆ, ಉಳಿದದ್ದು ಡಿಇಎಂ ಮತ್ತು ಮಣ್ಣಿನ ನಕ್ಷೆಗೆ. ಕೆಲಸ ಸಾಮಾನ್ಯವಾಗಿ ಇದರ ತಿರುವುಮುರುವಾಗಿ ನಡೆಯುತ್ತದೆ. ಡಿಇಎಂ ಪುಕ್ಕಟೆಯಾಗಿ ಡೌನ್‌ಲೋಡ್ ಆಗುತ್ತದೆ, 15 ನಿಮಿಷದ ಮಳೆ ದತ್ತಾಂಶಕ್ಕೆ ಪತ್ರ ಬರೆದು ಓಡಾಡಬೇಕು.

ಮೂರು ದಾರಿಗಳು

ಮೊದಲನೆಯದು ಇಡೀ ಜಲಾನಯನವನ್ನು ಒಂದೇ ಘಟಕವಾಗಿ ನೋಡುವ ಮಾಡೆಲ್, ಎಂಜಿನಿಯರ್‌ಗಳ ಮಾತಿನಲ್ಲಿ ಲಂಪ್ಡ್. ಫ್ರಾನ್ಸಿನಲ್ಲಿ ರೂಪುಗೊಂಡ ಜಿಆರ್4ಜೆ ಇದಕ್ಕೆ ಒಳ್ಳೆಯ ಉದಾಹರಣೆ: ದಿನದ ಮಳೆ, ದಿನದ ಬಾಷ್ಪೀಕರಣ, ನಾಲ್ಕೇ ಪ್ಯಾರಾಮೀಟರ್ (ಹೊಂದಿಸಬೇಕಾದ ಸಂಖ್ಯೆ). ಎರಡನೆಯದು ಅರೆ ಹಂಚಿಕೆಯ ಮಾಡೆಲ್. ಪ್ರದೇಶವನ್ನು ಉಪಜಲಾನಯನಗಳಾಗಿ ಒಡೆದು, ಒಂದೊಂದರ ಹರಿವನ್ನೂ ಕಾಲುವೆಯಲ್ಲಿ ಸಾಗಿಸಿ ಕೂಡಿಸುವುದು. ಹೆಕ್-ಎಚ್‌ಎಂಎಸ್, ಸ್ವಾಟ್, ನಗರದ ಚರಂಡಿಗಳಿಗೆ ಸ್ವಮ್, ಇವೆಲ್ಲ ಈ ಗುಂಪಿನವು. ಮೂರನೆಯದು ಪೂರ್ಣ ಹಂಚಿಕೆಯ ಗ್ರಿಡ್ ಮಾಡೆಲ್. ಮೈಕ್ ಶೀ ಈ ಗುಂಪಿಗೆ ಸೇರುತ್ತದೆ, ನೆರೆಯ ಆಳ ತೋರಿಸುವ ಹೆಕ್-ರಾಸ್‌ನ ಎರಡು ಆಯಾಮದ ಲೆಕ್ಕವೂ ಅದೇ ಜಾತಿ.

ಹಂಚಿಕೆ ಹೆಚ್ಚಿದಂತೆ ಫಲಿತಾಂಶ ತಾನಾಗಿಯೇ ಸುಧಾರಿಸುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿತು. ಡಿಎಂಐಪಿ ಎಂಬ ಆ ಹೋಲಿಕೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಓಕ್ಲಹೋಮ ಮತ್ತು ಅದರ ಸುತ್ತಲಿನ ಜಲಾನಯನಗಳಿಗೆ ರೇಡಾರ್ ಮಳೆಯನ್ನೇ ಕೊಟ್ಟಿದ್ದರೂ, ಹೆಚ್ಚಿನ ಕಡೆ ಚೆನ್ನಾಗಿ ಕ್ಯಾಲಿಬ್ರೇಟ್ ಆದ (ಅಳೆದ ಹರಿವಿಗೆ ಪ್ಯಾರಾಮೀಟರುಗಳನ್ನು ಹೊಂದಿಸಿದ) ಲಂಪ್ಡ್ ಮಾಡೆಲ್ಲೇ ಮುಂದಿತ್ತು. ಕೆಲವು ಹಂಚಿಕೆಯ ಮಾಡೆಲ್‌ಗಳು ಅದರ ಸಮಕ್ಕೆ ಬಂದವು. ಸ್ಪಷ್ಟವಾದ ಲಾಭ ಕಂಡದ್ದು ಬ್ಲೂ ನದಿಯಲ್ಲಿ. ಅದರ ಜಲಾನಯನ ಉದ್ದ, ಕಿರಿದು. ಅಂಥ ಆಕಾರದಲ್ಲಿ ಮಳೆ ತಲೆಯ ಕಡೆ ಬಿತ್ತೋ ಬಾಲದ ಕಡೆ ಬಿತ್ತೋ ಎಂಬುದರ ಮೇಲೆ ನೆರೆಯ ಹೊತ್ತು ಪೂರ್ತಿ ಬದಲಾಗುತ್ತದೆ. ದುಂಡಗಿನ, ಸಣ್ಣ ಜಲಾನಯನದಲ್ಲಿ ಆ ವ್ಯತ್ಯಾಸ ತಾನಾಗಿಯೇ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಸ್ವಾಟ್ ಬಳಸುವವರಿಗೆ ಇನ್ನೊಂದು ಉಪಯುಕ್ತ ಫಲಿತಾಂಶವಿದೆ. ಅಯೋವಾದ ನಾಲ್ಕು ಜಲಾನಯನಗಳನ್ನು ಬೇರೆಬೇರೆ ಸಂಖ್ಯೆಯ ತುಂಡುಗಳಾಗಿ ಮಾಡಿ ನೋಡಿದ 2004ರ ಅಧ್ಯಯನದಲ್ಲಿ ನೀರಿನ ಹರಿವು ಹೆಚ್ಚುಕಡಿಮೆ ಅಲ್ಲಾಡಲಿಲ್ಲ. ಹೂಳು ಮತ್ತು ನೈಟ್ರೇಟ್ ಮಾತ್ರ ಚೆನ್ನಾಗಿಯೇ ಬದಲಾದವು. ಹೂಳಿಗೆ ಉಪಜಲಾನಯನದ ಗಾತ್ರ ಒಟ್ಟು ಪ್ರದೇಶದ ಸುಮಾರು ಶೇ. 3, ನೈಟ್ರೇಟ್‌ಗೆ ಶೇ. 2, ಖನಿಜ ರಂಜಕಕ್ಕೆ ಶೇ. 5ರ ಹತ್ತಿರ ಇದ್ದರೆ ಸಾಕು, ಅದಕ್ಕಿಂತ ಸಣ್ಣದು ಮಾಡಿ ಪ್ರಯೋಜನವಿಲ್ಲ ಎಂದು ಅಲ್ಲಿ ಕಂಡಿತು. ಈ ಸಂಖ್ಯೆಗಳನ್ನು ಹಾಗೇ ನಮ್ಮ ಊರಿಗೆ ತರುವಂತಿಲ್ಲ. ಆದರೆ ನೀರಿನ ಲೆಕ್ಕಕ್ಕೆ ಬೇಕಾದ ವಿವರ ಬೇರೆ, ನೀರಿನ ಜೊತೆ ಬರುವ ಹೂಳಿನ ಲೆಕ್ಕಕ್ಕೆ ಬೇಕಾದ ವಿವರ ಬೇರೆ ಎಂಬುದು ಎಲ್ಲ ಕಡೆಗೂ ಸಲ್ಲುತ್ತದೆ.

ಮಳೆ: ಲೆಕ್ಕ ಹೆಚ್ಚಾಗಿ ತಪ್ಪುವ ಜಾಗ

ಬೆಂಗಳೂರಿನ ಜೋರು ಮಳೆ ಹೆಚ್ಚಾಗಿ ಗುಡುಗಿನ ಮೋಡಗಳದ್ದು. ಏಪ್ರಿಲ್‌, ಮೇ ತಿಂಗಳಲ್ಲಿ ಒಂದು ಸುತ್ತು, ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ ಇನ್ನೊಂದು. ಒಂದು ಮೋಡದ ಹರಹು ಕೆಲವೇ ಕಿಲೋಮೀಟರ್. ಯಲಹಂಕದಲ್ಲಿ ರಸ್ತೆ ಮುಳುಗಿದ್ದಾಗ ಜಯನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ.

ಈಗ ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಮಳೆಯನ್ನು ನೋಡಿ. 13 ಡಿಗ್ರಿ ಅಕ್ಷಾಂಶದಲ್ಲಿ ಅದರ ಒಂದು ಕೋಶ ಸುಮಾರು 27 ಕಿ.ಮೀ. ಉದ್ದ, 27 ಕಿ.ಮೀ. ಅಗಲ, ಅಂದರೆ ಸುಮಾರು 750 ಚದರ ಕಿ.ಮೀ. ಹಿಂದಿನ ಬಿಬಿಎಂಪಿಯ ಇಡೀ ವ್ಯಾಪ್ತಿ ಹೆಚ್ಚುಕಡಿಮೆ ಅಷ್ಟೇ. ಊರಿಗೆಲ್ಲ ಒಂದೇ ಮಳೆ ಸಂಖ್ಯೆ, ಅದೂ ದಿನಕ್ಕೊಂದು. ಅದರ ಮೇಲೆ 10 ಮೀಟರಿನ ಗ್ರಿಡ್ ಕಟ್ಟಿದರೆ ನಕ್ಷೆ ಮಾತ್ರ ಅಂದವಾಗಿರುತ್ತದೆ. ಐಮರ್ಗ್ ಉಪಗ್ರಹ ಮಳೆ 0.1 ಡಿಗ್ರಿಯದು, ಅರ್ಧ ಗಂಟೆಗೊಮ್ಮೆ ಸಿಗುತ್ತದೆ. ಅದರ ಒಂದು ಕೋಶ ಸುಮಾರು 11 ಕಿ.ಮೀ. ಅಗಲ. ಅರ್ಕಾವತಿಯಂಥ ಸಾವಿರಕ್ಕೂ ಹೆಚ್ಚು ಚದರ ಕಿ.ಮೀ. ಜಲಾನಯನಕ್ಕೆ ಅದು ಕೆಲಸಕ್ಕೆ ಬರುತ್ತದೆ, ಒಂದು ಬಡಾವಣೆಯ ಲೆಕ್ಕಕ್ಕೆ ಬರುವುದಿಲ್ಲ.

ನಗರದ ಕೆಲಸಕ್ಕೆ ನಿಜವಾದ ಆಸ್ತಿ ಎಂದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು. 15 ನಿಮಿಷಕ್ಕೊಮ್ಮೆ ಮಳೆ ದಾಖಲಾಗುತ್ತದೆ, ಜಾಲ ನಗರದ ಒಳಗೂ ಇದೆ, ಹೊರಗೆ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹೋಗಿದೆ. ಇನ್ನೂ ಸೂಕ್ಷ್ಮವಾದ ಡಿಇಎಂ ಖರೀದಿಗೆ ಎತ್ತಿಟ್ಟ ದುಡ್ಡನ್ನೂ ಹೊತ್ತನ್ನೂ ಮೊದಲು ಈ ದತ್ತಾಂಶ ತರಿಸಿ ಶುದ್ಧ ಮಾಡಲು ಬಳಸಿ. ಶುದ್ಧ ಮಾಡುವುದು ಎಂದರೆ ಮುಖ್ಯವಾಗಿ ಸೊನ್ನೆಗಳನ್ನು ಪರೀಕ್ಷಿಸುವುದು. ಸುತ್ತಲಿನ ಮಾಪಕಗಳೆಲ್ಲ 40 ಮಿ.ಮೀ. ತೋರಿಸುವಾಗ ಮಧ್ಯದ್ದೊಂದು ಗಂಟೆಗಟ್ಟಲೆ ಸೊನ್ನೆ ತೋರಿಸಿದರೆ ಮಳೆ ಬಂದಿಲ್ಲವೆಂದು ಒಪ್ಪುವ ಮೊದಲು ಮಾಪಕದ ಬಾಯಿಗೆ ಎಲೆ ಕಸ ಕಟ್ಟಿಕೊಂಡಿತೇ, ಸಿಗ್ನಲ್ ಹೋಗಿತ್ತೇ ಎಂದು ಅನುಮಾನಿಸಬೇಕು. ಸಂದೇಹವಿದ್ದರೆ ಆ ಮಾಪಕವನ್ನು ಆ ಘಟನೆಯ ಮಟ್ಟಿಗೆ ಬಿಟ್ಟುಬಿಡಿ. ಸೊನ್ನೆಯನ್ನು ಹಾಗೇ ಬಿಟ್ಟರೆ ಆ ತುಂಡಿನ ಹರಿವೆಲ್ಲ ಮಾಯವಾಗಿ, ಕ್ಯಾಲಿಬ್ರೇಶನ್ ಅದನ್ನು ಸರಿದೂಗಿಸಲು ಪಕ್ಕದ ತುಂಡಿನ ಕರ್ವ್ ನಂಬರನ್ನು (ಮಳೆಯಲ್ಲಿ ಎಷ್ಟು ಪಾಲು ಹರಿಯುತ್ತದೆಂದು ಹೇಳುವ ಸಂಖ್ಯೆ; 100ರ ಹತ್ತಿರವಾದಷ್ಟೂ ಹೆಚ್ಚು ಹರಿವು) ಏರಿಸಿಬಿಡುತ್ತದೆ.

ಇಲ್ಲಿ ಸ್ವಾಟ್ ಬಳಸುವವರು ಗಮನಿಸಬೇಕಾದ, ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ಪ್ರತಿ ಉಪಜಲಾನಯನದ ಮಧ್ಯಬಿಂದುವಿಗೆ ಹತ್ತಿರವಿರುವ ಒಂದೇ ಮಳೆಮಾಪಕವನ್ನು ಅದು ಆರಿಸಿಕೊಳ್ಳುತ್ತದೆ. ತುಂಡುಗಳು ನಾಲ್ಕಿದ್ದರೆ ಹೆಚ್ಚೆಂದರೆ ನಾಲ್ಕು ಮಾಪಕ ಒಳಗೆ ಬಂದವು. ಉಳಿದವನ್ನು ಫೈಲಿನಲ್ಲಿ ಕೊಟ್ಟಿದ್ದರೂ ಅವು ಲೆಕ್ಕಕ್ಕಿಲ್ಲ. ತುಂಡುಗಳನ್ನು ಇಪ್ಪತ್ತು ಮಾಡಿದ ಕೂಡಲೇ ಇನ್ನಷ್ಟು ಮಾಪಕಗಳು ಸೇರಿಕೊಂಡು ಫಲಿತಾಂಶ ಸುಧಾರಿಸುತ್ತದೆ. ಆಗ ಸುಧಾರಣೆ ಬಂದದ್ದು ನೆಲವನ್ನು ಸಣ್ಣದಾಗಿ ಕತ್ತರಿಸಿದ್ದರಿಂದಲ್ಲ, ಮಳೆಯಿಂದ. ಎರಡನ್ನೂ ಬೇರ್ಪಡಿಸಬೇಕಿದ್ದರೆ ಹೊರಗೇ ಸರಾಸರಿ ಮಳೆ ಲೆಕ್ಕ ಹಾಕಿ, ನಾಲ್ಕು ತುಂಡಿನ ಮಾಡೆಲ್‌ಗೂ ಇಪ್ಪತ್ತರದ್ದಕ್ಕೂ ಒಂದೇ ಮಳೆಮೊತ್ತ ಸಿಗುವಂತೆ ಕೊಟ್ಟು ನೋಡಿ.

ಜಾಗದ ವಿವರ ಹೆಚ್ಚಿಸಿದರೆ ಕಾಲದ ವಿವರವೂ ಹೆಚ್ಚಬೇಕು. ಇದನ್ನು ಮರೆಯುವವರೇ ಹೆಚ್ಚು. ಹೆಕ್-ಎಚ್‌ಎಂಎಸ್‌ನಲ್ಲಿ ಎಸ್‌ಸಿಎಸ್ ಯೂನಿಟ್ ಹೈಡ್ರೋಗ್ರಾಫ್ (ಮಳೆಯನ್ನು ಹರಿವಿನ ಗ್ರಾಫ್ ಆಗಿಸುವ ವಿಧಾನ) ಬಳಸುವಾಗ ಲೆಕ್ಕದ ಹೆಜ್ಜೆ, ಅಂದರೆ ಎಷ್ಟು ನಿಮಿಷಕ್ಕೊಮ್ಮೆ ಲೆಕ್ಕ ಹಾಕುತ್ತೇವೆ ಎಂಬುದು, ಲ್ಯಾಗ್ ಸಮಯದ (ಮಳೆಯ ಮಧ್ಯದಿಂದ ಅತಿ ಹೆಚ್ಚಿನ ಹರಿವು, ಅಂದರೆ ಪೀಕ್, ಬರುವವರೆಗಿನ ಹೊತ್ತು) ಶೇ. 29ಕ್ಕಿಂತ ಕಡಿಮೆ ಇರಬೇಕು ಎಂಬ ನಿಯಮವಿದೆ. ನೀರು ಕೂಡಿಬರಲು 60 ನಿಮಿಷ ಹಿಡಿಯುವ ತುಂಡಿಗೆ ಲ್ಯಾಗ್ 36 ನಿಮಿಷ, ಹೆಜ್ಜೆ 10 ನಿಮಿಷ. ಅದನ್ನೇ ಒಡೆದು 15 ನಿಮಿಷದ ತುಂಡುಗಳನ್ನಾಗಿ ಮಾಡಿದರೆ ಲ್ಯಾಗ್ 9, ಹೆಜ್ಜೆ ಎರಡೂವರೆ ನಿಮಿಷಕ್ಕೆ ಇಳಿಯುತ್ತದೆ. ಸಾಫ್ಟ್‌ವೇರ್ 15 ನಿಮಿಷದ ಮಳೆಯನ್ನು ಸಮನಾಗಿ ಹಂಚಿ ಲೆಕ್ಕ ಮುಗಿಸಿಕೊಡುತ್ತದೆ, ಎಚ್ಚರಿಕೆಯನ್ನೇನೂ ಕೊಡುವುದಿಲ್ಲ. ಆದರೆ ಆ ಸಣ್ಣ ತುಂಡಿನ ಪೀಕ್ ಹರಿವನ್ನು ತೀರ್ಮಾನಿಸುವ ಐದು ನಿಮಿಷದ ಬಿರುಸು ನಿಮ್ಮ ದತ್ತಾಂಶದಲ್ಲಿ ಇಲ್ಲವೇ ಇಲ್ಲ. 15 ನಿಮಿಷದ ಮಳೆ ಕೈಯಲ್ಲಿದ್ದರೆ, ನೀರು ಕೂಡಿಬರುವ ಸಮಯ ಒಂದು ಗಂಟೆಯ ಆಸುಪಾಸಿಗಿಂತ ಕಡಿಮೆಯಾಗುವ ಮಟ್ಟಕ್ಕೆ ತುಂಡು ಮಾಡುವುದನ್ನು ನಾವು ಒಪ್ಪುವುದಿಲ್ಲ. ದಿನದ ಮಳೆ ಮಾತ್ರ ಇದ್ದರೆ ಪೀಕ್ ಹರಿವಿನ ಆಸೆಯನ್ನೇ ಬಿಟ್ಟು, ನೀರಿನ ಮೊತ್ತದ ಪ್ರಶ್ನೆಗಳಿಗೆ ಸೀಮಿತವಾಗಿರಿ.

ನೆಲದ ಹೊದಿಕೆ: ಸರಾಸರಿ ಮಾಡಿದರೆ ಎಷ್ಟು ನೀರು ಕಾಣೆಯಾಗುತ್ತದೆ

ಒಂದು ಪ್ರದೇಶದ ಅರ್ಧ ಭಾಗ ಕಾಂಕ್ರೀಟು, ಡಾಂಬರು, ಛಾವಣಿ, ಕರ್ವ್ ನಂಬರ್ 98. ಇನ್ನರ್ಧ ತೋಟ, ಖಾಲಿ ಸೈಟು, ಕರ್ವ್ ನಂಬರ್ 70. ಎರಡನ್ನೂ ಕೂಡಿಸಿ ಸರಾಸರಿ 84 ಎಂದು ಒಂದೇ ಘಟಕಕ್ಕೆ ಕೊಡುವುದು ಬಹಳ ಸಾಮಾನ್ಯ ಪದ್ಧತಿ. ಎಸ್‌ಸಿಎಸ್ ಸೂತ್ರದಲ್ಲೇ ಲೆಕ್ಕ ಹಾಕಿ ನೋಡೋಣ. ಹಿಡಿದಿಡುವ ಸಾಮರ್ಥ್ಯ ಎಸ್ ಅಂದರೆ 25,400ನ್ನು ಕರ್ವ್ ನಂಬರಿನಿಂದ ಭಾಗಿಸಿ 254 ಕಳೆದದ್ದು. ಹರಿಯುವ ಮೊದಲು ನೆಲ ನುಂಗುವ ಮಳೆ ಆ ಎಸ್‌ನ ಐದನೇ ಒಂದು ಭಾಗ.

50 ಮಿ.ಮೀ. ಮಳೆಗೆ 98ರ ಭಾಗದಿಂದ 44.3 ಮಿ.ಮೀ. ಹರಿಯುತ್ತದೆ, 70ರ ಭಾಗದಿಂದ 5.8. ಎರಡರ ಸರಾಸರಿ 25 ಮಿ.ಮೀ. ಅದೇ 84 ಎಂಬ ಒಂದೇ ಸಂಖ್ಯೆ ಕೊಟ್ಟರೆ ಬರುವುದು 18.3. ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಲೆಕ್ಕದಲ್ಲೇ ಇಂಗಿಹೋಯಿತು. 10 ಚದರ ಕಿ.ಮೀ. ಪ್ರದೇಶಕ್ಕೆ ಅದು ಸುಮಾರು 67,000 ಘನ ಮೀಟರ್. 20 ಮಿ.ಮೀ. ಮಳೆಯಲ್ಲಿ ತಪ್ಪು ಇನ್ನೂ ದೊಡ್ಡದು: ಬೇರೆಬೇರೆಯಾಗಿ ಲೆಕ್ಕ ಹಾಕಿದರೆ 7.4 ಮಿ.ಮೀ., ಸರಾಸರಿ ಸಂಖ್ಯೆಯಿಂದ 1.8. 100 ಮಿ.ಮೀ. ಮಳೆಯಲ್ಲಿ ಮಾತ್ರ 63.4 ಮತ್ತು 58.8 ಎಂದು ಎರಡೂ ಹತ್ತಿರ ಬರುತ್ತವೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ. ದೊಡ್ಡ ಮಳೆಗೆ ಕ್ಯಾಲಿಬ್ರೇಟ್ ಮಾಡಿದ ಒಂದೇ ಘಟಕದ ಮಾಡೆಲ್, ವರ್ಷದಲ್ಲಿ ಹತ್ತಾರು ಸಲ ಬರುವ ಸಣ್ಣ ಮಳೆಗಳಲ್ಲಿ ಕೆರೆಗೆ ನೀರೇ ಬರಲಿಲ್ಲ ಎನ್ನುತ್ತದೆ. ಎರಡನೆಯದು ಇನ್ನೂ ಮುಖ್ಯ. ಈ ತಪ್ಪು ಸರಿಪಡಿಸಲು ಗ್ರಿಡ್ ಬೇಕಿಲ್ಲ. ಕಾಂಕ್ರೀಟು ಎಲ್ಲಿದೆ ಎಂಬುದಕ್ಕಿಂತ ಎಷ್ಟು ಪಾಲು ಇದೆ ಎಂಬುದು ಸಾಕು. ಸ್ವಾಟ್‌ನ ಎಚ್‌ಆರ್‌ಯು (ಒಂದೇ ಬಗೆಯ ನೆಲದ ಬಳಕೆ, ಮಣ್ಣು, ಇಳಿಜಾರು ಇರುವ ಪಾಲು), ಸ್ವಮ್‌ನ ಶೇಕಡಾವಾರು ನೀರಿಳಿಯದ ನೆಲ, ಹೆಕ್-ಎಚ್‌ಎಂಎಸ್‌ನ ಇಂಪರ್ವಿಯಸ್ ಕಾಲಂ ಇರುವುದು ಇದಕ್ಕೇ. ಕಾಂಕ್ರೀಟಿನ ನೀರು ನೇರ ಮೋರಿಗೆ ಬೀಳುತ್ತದೋ ಪಕ್ಕದ ತೋಟಕ್ಕೆ ಹರಿಯುತ್ತದೋ ಎಂಬ ಪಾಲನ್ನೂ ಸ್ವಮ್‌ನಲ್ಲಿ ಕೊಡಬಹುದು. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಫಲಿತಾಂಶವನ್ನು ಬಹಳ ಅಲ್ಲಾಡಿಸುವ ಸಂಖ್ಯೆ ಅದು.

ಸ್ವಾಟ್‌ನಲ್ಲಿ ಎಚ್‌ಆರ್‌ಯು ಮಾಡುವಾಗ ಶೇ. 10, ಶೇ. 20 ಎಂಬ ಮಿತಿ ಹಾಕುತ್ತೀರಿ. ಅದಕ್ಕಿಂತ ಕಡಿಮೆ ಇರುವ ನೆಲದ ಬಳಕೆ ಅಳಿಸಿಹೋಗಿ, ಅದರ ಜಾಗ ಉಳಿದವುಗಳಿಗೆ ಹಂಚಿಕೆಯಾಗುತ್ತದೆ. ನಮ್ಮ ಬಯಲುಸೀಮೆಯ ಕೆರೆಗಳು ಉಪಜಲಾನಯನದ ಶೇ. 2–3ರಷ್ಟೇ ಇರುವುದು ಸಾಮಾನ್ಯ. ಮಿತಿ ಹಾಕಿದ ಕೂಡಲೇ ಅವು ರಾಗಿ ಹೊಲವೋ ಕಾಲೋನಿಯೋ ಆಗಿಬಿಡುತ್ತವೆ. ನೀರಿನ ವರ್ಗಕ್ಕೆ ವಿನಾಯಿತಿ ಕೊಡುವ ಆಯ್ಕೆ ಅಲ್ಲೇ ಇದೆ, ಅದನ್ನು ಬಳಸಿ. ದೊಡ್ಡ ಕೆರೆಗಳನ್ನಂತೂ ಜಲಾಶಯವಾಗಿಯೇ ಕೊಡಬೇಕು.

ಮಣ್ಣಿನ ಬಗ್ಗೆ ಹೆಚ್ಚು ಹೇಳಲು ಇಲ್ಲ. ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ 1:2,50,000 ನಕ್ಷೆಯಾಗಲಿ, 250 ಮೀಟರಿನ ಸಾಯಿಲ್‌ಗ್ರಿಡ್ಸ್ ಆಗಲಿ, ನಗರದೊಳಗಿನ ನೆಲಕ್ಕೆ ಎರಡೂ ಹೊಂದುವುದಿಲ್ಲ. ಅಲ್ಲಿ ಮೇಲ್ಮಣ್ಣನ್ನು ಅಗೆದು, ತುಂಬಿ, ತುಳಿದು ಆಗಿದೆ. ಗ್ರಾಮಾಂತರದ ಕೆಂಪು ಮಣ್ಣಿಗೆ ಅವು ಸಾಕು.

ಡಿಇಎಂ: 30 ಮೀಟರಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಎಸ್‌ಆರ್‌ಟಿಎಂ, ಕೋಪರ್ನಿಕಸ್, ಭುವನ್ ಪೋರ್ಟಲ್‌ನ ಕಾರ್ಟೋಡೆಮ್, ಉಚಿತವಾಗಿ ಸಿಗುವ ಈ ಮೂರೂ 30 ಮೀಟರಿನ ಆಸುಪಾಸಿನವು. ಬೆಂಗಳೂರಿನ ಕಣಿವೆಗಳಲ್ಲಿ ಶೇ. 1ರ ಇಳಿಜಾರು ಎಂದಿಟ್ಟುಕೊಳ್ಳಿ. ಪಕ್ಕಪಕ್ಕದ ಎರಡು ಕೋಶಗಳ ನಡುವೆ ನೆಲ ಇಳಿಯುವುದು 30 ಸೆಂಟಿಮೀಟರ್. ಈ ಡಿಇಎಂಗಳ ಎತ್ತರದ ತಪ್ಪು ಅದಕ್ಕಿಂತ ಎಷ್ಟೋ ಪಟ್ಟು, ಮೀಟರುಗಟ್ಟಲೆ. ಮೇಲಾಗಿ ಅವು ಅಳೆಯುವುದು ನೆಲವನ್ನಲ್ಲ, ಮನೆಗಳ ತಾರಸಿಯನ್ನು, ಮರಗಳ ನೆತ್ತಿಯನ್ನು. ಆದ್ದರಿಂದ ಕೋಶದಿಂದ ಕೋಶಕ್ಕೆ ಲೆಕ್ಕ ಹಾಕಿದ ಇಳಿಜಾರನ್ನು ನಗರದೊಳಗೆ ನಂಬಬೇಡಿ. ಕಾಲುವೆಯ ಉದ್ದಕ್ಕೂ 500 ಮೀಟರ್, ಒಂದು ಕಿ.ಮೀ. ಅಂತರದ ಎರಡು ಬಿಂದು ಹಿಡಿದು ಇಳಿಜಾರು ತೆಗೆಯಿರಿ. ಲೆವೆಲಿಂಗ್ ಅಳತೆ ಸಿಕ್ಕರೆ ಅದೇ ಮೇಲು.

ಕೋಶ ದೊಡ್ಡದಾದಷ್ಟೂ ಸರಾಸರಿ ಇಳಿಜಾರು ಚಪ್ಪಟೆಯಾಗುತ್ತದೆ, ಹರಿವಿನ ದಾರಿಯ ತಿರುವುಗಳು ಮಾಯವಾಗಿ ಉದ್ದ ಕುಗ್ಗುತ್ತದೆ. ಕಿರ್ಪಿಚ್ ಸೂತ್ರದಲ್ಲಿ 2 ಕಿ.ಮೀ. ಉದ್ದ, ಶೇ. 1 ಇಳಿಜಾರಿಗೆ ನೀರು ಕೂಡಿಬರಲು 40 ನಿಮಿಷ. ಇಳಿಜಾರು ಅರ್ಧಕ್ಕಿಳಿದರೆ 52 ನಿಮಿಷ. ಬರೀ ಡಿಇಎಂ ಬದಲಿಸಿದ್ದಕ್ಕೇ ಪೀಕ್ ಇಷ್ಟು ತಡವಾಗಿ, ಅದಕ್ಕೆ ತಕ್ಕಂತೆ ತಗ್ಗುತ್ತದೆ. 30 ಮೀಟರಿನ ಡಿಇಎಂನ್ನು ರೀಸ್ಯಾಂಪಲ್ ಮಾಡಿ 10 ಮೀಟರ್ ಎಂದು ಹೆಸರಿಟ್ಟರೆ ಹೊಸ ಮಾಹಿತಿ ಏನೂ ಸೇರುವುದಿಲ್ಲ. ಡಿಪಿಆರ್‌ಗಳಲ್ಲಿ ಇದು ಕಾಣಸಿಗುತ್ತದೆ, ಓದುವವರು ಕೇಳಬೇಕು.

ರಾಜಕಾಲುವೆಯ ವಿಷಯಕ್ಕೆ ಬಂದರೆ, ಹೆಚ್ಚಿನವುಗಳ ಅಗಲ ಒಂದು ಕೋಶಕ್ಕಿಂತ ಕಡಿಮೆ. ಡಿಇಎಂ ಕೊಡುವ ಹೊಳೆಜಾಲ ಹಳೆಯ ಕಣಿವೆಯ ಗೆರೆಯನ್ನು ಸುಮಾರಾಗಿ ಹಿಡಿಯುತ್ತದೆ. ರಸ್ತೆಯ ಪಕ್ಕಕ್ಕೆ ತಿರುಗಿಸಿದ, ಲಂಬಕೋನದಲ್ಲಿ ಬಾಗಿಸಿದ, ಮೇಲೆ ಮುಚ್ಚಿದ ಕಾಲುವೆ ಅದಕ್ಕೆ ಕಾಣದು. ಸಮೀಕ್ಷೆಯ ನಕ್ಷೆಯಿಂದ ಕಾಲುವೆಗಳ ಗೆರೆ ತೆಗೆದುಕೊಂಡು ಆ ಕೋಶಗಳನ್ನು 2ರಿಂದ 5 ಮೀಟರ್ ಕೆಳಗಿಳಿಸಿ, ಆಮೇಲೆ ಹರಿವಿನ ದಿಕ್ಕು ಲೆಕ್ಕ ಹಾಕಿ. ಡಿಇಎಂನ ತಗ್ಗುಗಳನ್ನು ತುಂಬುವ ಫಿಲ್ ಆಜ್ಞೆಯನ್ನು ಕಣ್ಣುಮುಚ್ಚಿ ಓಡಿಸಬೇಡಿ. ರಿಂಗ್ ರಸ್ತೆ ಮತ್ತು ರೈಲು ಹಳಿಯ ಏರಿಗಳು ಡಿಇಎಂನಲ್ಲಿ ಅಣೆಕಟ್ಟಿನಂತೆ ನಿಂತಿರುತ್ತವೆ. ಅದರ ಅಡಿಯ ಮೋರಿ ಕಾಣದ ಕಾರಣ, ಫಿಲ್ ಹಿಂದಿನ ತಗ್ಗನ್ನೆಲ್ಲ ಏರಿಯ ಮಟ್ಟಕ್ಕೆ ತುಂಬಿ ನೀರನ್ನು ಬೇರೆ ಕಣಿವೆಗೇ ತಿರುಗಿಸಿಬಿಡಬಹುದು. ಮೋರಿ ಇರುವಲ್ಲಿ ಏರಿಯನ್ನು ಸೀಳಿ, ಕೆರೆಗಳಲ್ಲಿ ಕೋಡಿ ಇರುವ ನಿಜವಾದ ಜಾಗದಲ್ಲೇ ದಾರಿ ತೆರೆಯಿರಿ.

ಜಾಲದ ತಪ್ಪು ಎಷ್ಟು ದುಬಾರಿ ಎಂಬುದಕ್ಕೆ ನಗರದ ನೆಲವೇ ಸಾಕ್ಷಿ. ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿಗೆ, ವೃಷಭಾವತಿಯ ನೀರು ಅರ್ಕಾವತಿಯ ಮೂಲಕ ಕಾವೇರಿಗೆ. ದಿಣ್ಣೆಯ ನೆತ್ತಿಯಲ್ಲಿ ಒಂದು ಕೋಶ ಆಚೀಚೆಯಾದರೂ ನೀರು ಬೇರೆ ನದಿಗೆ ಹೋಗುತ್ತದೆ. ಅಂಚಿನ ವಾರ್ಡುಗಳಲ್ಲಿ ಗಡಿಯನ್ನು ಕೈಯಿಂದಲೇ ತಿದ್ದಿ, ಸ್ಥಳಕ್ಕೆ ಹೋಗಿ ಮೋರಿಯ ಹರಿವಿನ ದಿಕ್ಕು ನೋಡಿ ಖಚಿತಪಡಿಸಿಕೊಳ್ಳಬೇಕು.

ಯಾವ ಗ್ರಿಡ್‌ಗೂ ಸಿಗದ ನೀರು

2024ರ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ 775 ಎಂಎಲ್‌ಡಿಯ (ದಿನಕ್ಕೆ ಅಷ್ಟು ದಶಲಕ್ಷ ಲೀಟರ್) ಐದನೇ ಹಂತ ಸೇರುವ ಮೊದಲೇ ಕಾವೇರಿಯಿಂದ ಬೆಂಗಳೂರಿಗೆ ಸುಮಾರು 1,450 ಎಂಎಲ್‌ಡಿ ಬರುತ್ತಿತ್ತು, ಅಂದರೆ ಸೆಕೆಂಡಿಗೆ 16.8 ಘನ ಮೀಟರ್. ವಿನ್ಯಾಸದಲ್ಲಿ ಹಿಡಿಯುವಂತೆ ಅದರ ಶೇ. 80 ಒಳಚರಂಡಿಗೆ ಬಂದರೆ 13 ಘನ ಮೀಟರಿಗೂ ಹೆಚ್ಚು ನೀರು ಮೂರು ಕಣಿವೆಗಳಿಗೆ ಹಂಚಿಕೆಯಾಗುತ್ತದೆ. ಬೇಸಿಗೆಯ ವೃಷಭಾವತಿಯ ಹರಿವು ಮುಖ್ಯವಾಗಿ ಇದೇ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಪಂಪ್ ಮಾಡುವುದೂ ಲೆಕ್ಕಕ್ಕೆ ಸೇರಬೇಕು. ಇವನ್ನು ಮೂಲವಾಗಿ, ಕಡಿತವಾಗಿ ಕೊಡದಿದ್ದರೆ ಮಾಡೆಲ್ ಈ ನೀರನ್ನು ಅಂತರ್ಜಲದಿಂದ ಹುಟ್ಟಿಸುತ್ತದೆ. ಬೇಸಿಗೆಯ ಗ್ರಾಫ್ ಚೆನ್ನಾಗಿ ಕೂಡುತ್ತದೆ, ಒಳಗಿನ ಪ್ಯಾರಾಮೀಟರುಗಳು ಪೂರ್ತಿ ಕೆಟ್ಟಿರುತ್ತವೆ.

ಅರ್ಕಾವತಿಯಲ್ಲಿ ಇದಕ್ಕೆ ತದ್ವಿರುದ್ಧ. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ಕುಸಿದದ್ದಕ್ಕೆ ಮಳೆಯ ಬದಲಾವಣೆಗಿಂತ ಅಂತರ್ಜಲ ಎತ್ತುವಿಕೆ, ನೀಲಗಿರಿ ತೋಪುಗಳು, ಹಳ್ಳಗಳಿಗೆ ಅಡ್ಡ ಕಟ್ಟಿದ ಚೆಕ್‌ಡ್ಯಾಂಗಳು ಹೆಚ್ಚು ಸಂಭವನೀಯ ಕಾರಣ ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ 2015ರ ಪ್ರಬಂಧ ತೋರಿಸಿತು. ಈ ಕ್ರಿಯೆಗಳು ಮಾಡೆಲ್‌ನೊಳಗೆ ಇಲ್ಲದಿದ್ದರೆ ಕೋಶವನ್ನು ಎಷ್ಟು ಸಣ್ಣ ಮಾಡಿದರೂ ಅದು ಬಾರದ ನೀರನ್ನು ಬಂತೆಂದು ತೋರಿಸುತ್ತಲೇ ಇರುತ್ತದೆ.

ಕೆಲಸಕ್ಕೆ ತಕ್ಕ ಆಯ್ಕೆ

ತಿಪ್ಪಗೊಂಡನಹಳ್ಳಿಯಂಥ ಜಲಾಶಯದ ತಿಂಗಳ ಅಥವಾ ವಾರ್ಷಿಕ ಒಳಹರಿವು ಬೇಕಿದ್ದರೆ ಜಿಆರ್4ಜೆಯಿಂದ ಆರಂಭಿಸಿ. ಅದನ್ನು ಮೀರಿಸುತ್ತದೆ ಎಂದು ತೋರಿಸಿದ ಮೇಲೆ ಮಾತ್ರ ಸ್ವಾಟ್‌ಗೆ ಹೋಗಿ. ಉಪಜಲಾನಯನಗಳನ್ನು ಕೆರೆಸರಣಿಯ ಪ್ರಕಾರ ಒಡೆಯಿರಿ, ಡಿಫಾಲ್ಟ್ ಹೆಕ್ಟೇರ್ ಮಿತಿಯ ಪ್ರಕಾರ ಬೇಡ.

ಕಣಿವೆಯ ನೆರೆಹರಿವು, ಅಂದರೆ ಬೆಳ್ಳಂದೂರು ಕೆರೆಗೆ ಬರುವ ಪೀಕ್ ಅಥವಾ ವರ್ತೂರಿನ ಕೋಡಿಯ ಹರಿವು ಬೇಕಿದ್ದರೆ ಅರೆ ಹಂಚಿಕೆಯ ಮಾಡೆಲ್ಲೇ ಸರಿಯಾದ ಆಯ್ಕೆ. ಪ್ರತಿ ಕೆರೆಗೂ ಒಂದು ತುಂಡು, ಪ್ರತಿ ದೊಡ್ಡ ರಾಜಕಾಲುವೆ ಸೇರುವ ಬಿಂದುವಿಗೆ ಒಂದು. ಕೆರೆಯ ನೀರಿನ ಮಟ್ಟಕ್ಕೂ ಸಂಗ್ರಹಕ್ಕೂ ಇರುವ ಕೋಷ್ಟಕ, ಕೋಡಿಯ ಉದ್ದ, ಕೋಡಿಯ ಮಟ್ಟ, ಈ ಮೂರು ಅಳತೆ ಸರಿಯಿದ್ದರೆ ಉಳಿದ ಎಷ್ಟೋ ತಪ್ಪುಗಳನ್ನು ಮಾಡೆಲ್ ತಡೆದುಕೊಳ್ಳುತ್ತದೆ. ಮಳೆಗೆ ಮೊದಲು ಕೆರೆ ಎಷ್ಟು ತುಂಬಿತ್ತು ಎಂಬುದನ್ನು ಪ್ರತಿ ಘಟನೆಗೂ ಬೇರೆಯಾಗಿ ಕೊಡಿ. ತುಂಬಿದ ಕೆರೆ ಪೀಕ್ ಅನ್ನು ಹೆಚ್ಚೇನೂ ತಡೆಯದು, ಅರ್ಧ ಖಾಲಿ ಕೆರೆ ಇಡೀ ಮಳೆಯನ್ನೇ ನುಂಗಬಹುದು.

ಬಡಾವಣೆಯಲ್ಲಿ ನೀರು ನಿಲ್ಲುವ ಪ್ರಶ್ನೆಗೆ ಸ್ವಮ್. ಇಲ್ಲಿ ತುಂಡುಗಳನ್ನು ಒಗ್ಗೂಡಿಸುವಾಗ ವಿಡ್ತ್ ಪ್ಯಾರಾಮೀಟರ್ (ತುಂಡಿನ ವಿಸ್ತೀರ್ಣವನ್ನು ನೀರು ನೆಲದ ಮೇಲೆ ಹರಿಯುವ ಉದ್ದದಿಂದ ಭಾಗಿಸಿದ ಅಗಲ) ಕೈಕೊಡುತ್ತದೆ. 20 ಹೆಕ್ಟೇರಿನ ತುಂಡಿಗೆ ವಿಸ್ತೀರ್ಣದ ವರ್ಗಮೂಲ ಹಿಡಿದು 447 ಮೀಟರ್ ಎಂದು ಕೊಟ್ಟರೆ, ನೀರು ಮೋರಿ ಸೇರುವ ಮೊದಲು ನೆಲದ ಮೇಲೆ 447 ಮೀಟರ್ ತೆವಳಿತು ಎಂದರ್ಥ. ನಿಜದಲ್ಲಿ ಅದು 100 ಮೀಟರಿನೊಳಗೇ ಮೋರಿಗೆ ಬೀಳುತ್ತದೆ. ವಿಡ್ತ್ 2,000 ಮೀಟರ್ ಆಗಬೇಕು. ಅದರ ಜೊತೆಗೆ, ಬಿಟ್ಟುಹೋದ ಸಣ್ಣ ಮೋರಿಗಳಲ್ಲಿ ಕಳೆಯುವ ಹೊತ್ತಿಗಾಗಿ ಅದನ್ನು ಸ್ವಲ್ಪ ಇಳಿಸಿ ಹೊಂದಿಸಿಕೊಳ್ಳಿ.

ಬೀದಿಯಲ್ಲಿ ಎಷ್ಟು ಆಳ ನೀರು ನಿಲ್ಲುತ್ತದೆ ಎಂದು ತೋರಿಸಲು ಎರಡು ಆಯಾಮದ ಗ್ರಿಡ್ ಬೇಕು. ಅದಕ್ಕೆ ಡ್ರೋನ್ ಅಥವಾ ಲೈಡಾರ್‌ನ ಒಂದು ಮೀಟರ್ ಆಸುಪಾಸಿನ ನೆಲದ ಅಳತೆ ಇದ್ದರೆ ಮಾತ್ರ ಕೈಹಾಕಿ. ಕೋಶವನ್ನು ಅರ್ಧ ಮಾಡಿದರೆ ಕೋಶಗಳು ನಾಲ್ಕು ಪಟ್ಟು, ಸಮಯದ ಹೆಜ್ಜೆಗಳು ಎರಡು ಪಟ್ಟು, ಒಟ್ಟು ಎಂಟು ಪಟ್ಟು ಕೆಲಸ. 30 ಮೀಟರಿನಲ್ಲಿ 10 ನಿಮಿಷ ಹಿಡಿಯುವ ಓಟ 10 ಮೀಟರಿನಲ್ಲಿ ನಾಲ್ಕೂವರೆ ಗಂಟೆ, 5 ಮೀಟರಿನಲ್ಲಿ 36 ಗಂಟೆ. ಹೆಕ್-ರಾಸ್ ದೊಡ್ಡ ಕೋಶದೊಳಗೂ ಸೂಕ್ಷ್ಮ ನೆಲದ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ಹೀಗಾಗಿ 10–20 ಮೀಟರಿನ ಕೋಶ, ಕಾಲುವೆ ಮತ್ತು ರಸ್ತೆ ಏರಿಗಳ ಗುಂಟ ಬ್ರೇಕ್‌ಲೈನ್ (ಕೋಶಗಳ ಅಂಚನ್ನು ಅವುಗಳಿಗೆ ಹೊಂದಿಸುವ ಗೆರೆ), ಇಷ್ಟರಲ್ಲೇ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಇಡೀ ಕಣಿವೆಗೆ ಬೇಡ, ಮುಳುಗುವ ಜಾಗಕ್ಕಷ್ಟೇ ಗ್ರಿಡ್ ಹಾಕಿ. ಮೇಲಿನಿಂದ ಬರುವ ಹರಿವನ್ನು ಅರೆ ಹಂಚಿಕೆಯ ಮಾಡೆಲ್‌ನಿಂದ ಕೊಡಿ.

ಹೋಲಿಕೆಯನ್ನು ನೀವೇ ಮಾಡುವ ಕ್ರಮ

ಒಂದೇ ಘಟಕ, ಹತ್ತಿಪ್ಪತ್ತು ತುಂಡು, ನೂರಕ್ಕೂ ಹೆಚ್ಚು ತುಂಡು ಎಂದು ಮೂರು ಆವೃತ್ತಿ ಕಟ್ಟಿ. ಮೂರನ್ನೂ ಬೇರೆಬೇರೆಯಾಗಿ ಕ್ಯಾಲಿಬ್ರೇಟ್ ಮಾಡಿ. ಒಂದರಲ್ಲಿ ಹೊಂದಿಸಿದ ಪ್ಯಾರಾಮೀಟರುಗಳನ್ನು ಇನ್ನೊಂದಕ್ಕೆ ಹಾಕಿ ಹೋಲಿಸುವುದು ಅನ್ಯಾಯ, ಅವು ಗಾತ್ರಕ್ಕೆ ಅಂಟಿಕೊಂಡಿರುತ್ತವೆ. ನೂರು ತುಂಡುಗಳಿಗೆ ನೂರು ಕರ್ವ್ ನಂಬರನ್ನು ಸ್ವತಂತ್ರವಾಗಿ ಬಿಡಬೇಡಿ. ನಕ್ಷೆಯಿಂದ ಬಂದ ಸಂಖ್ಯೆಗಳನ್ನು ಒಂದೇ ಗುಣಕದಿಂದ ಏರಿಸಿ ಇಳಿಸಿ. ಹಾಗೆ ಮಾಡದಿದ್ದರೆ ಒಂದೇ ಔಟ್‌ಲೆಟ್ ಗ್ರಾಫಿಗೆ ಸರಿಹೊಂದುವ ಸಾವಿರ ಬೇರೆಬೇರೆ ಸಂಯೋಜನೆಗಳು ಸಿಗುತ್ತವೆ, ಯಾವುದು ನಿಜವೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಆಮೇಲೆ ಮಳೆಮಾಪಕಗಳನ್ನು ಒಂದೊಂದಾಗಿ ತೆಗೆದು ಓಡಿಸಿ ನೋಡಿ. ಒಂದು ಮಾಪಕ ಕಳೆದರೆ ಪೀಕ್ ಶೇ. 30 ಬದಲಾಗುತ್ತದೆ, ತುಂಡುಗಳನ್ನು ಐದು ಪಟ್ಟು ಮಾಡಿದರೆ ಶೇ. 5 ಬದಲಾಗುತ್ತದೆ ಎಂದಾದರೆ ಮುಂದಿನ ಖರ್ಚು ಎಲ್ಲಿಗೆ ಎಂಬುದು ಸ್ಪಷ್ಟ. ದತ್ತಾಂಶವಿರುವ ವರ್ಷಗಳಲ್ಲಿ ಅರ್ಧ ಕ್ಯಾಲಿಬ್ರೇಶನ್‌ಗೆ, ಇನ್ನರ್ಧ ಪರೀಕ್ಷೆಗೆ. ತಿಂಗಳ ಹರಿವಿಗೆ ಎನ್‌ಎಸ್‌ಇ (ಮಾಡೆಲ್ ಅಳತೆಗೆ ಎಷ್ಟು ಹತ್ತಿರ ಎಂಬ ಅಂಕ, 1 ಎಂದರೆ ಪೂರ್ಣ ಹೊಂದಿಕೆ) 0.5ಕ್ಕಿಂತ ಹೆಚ್ಚು, ಪಿಬಯಾಸ್ (ಒಟ್ಟು ಹರಿವಿನ ಶೇಕಡಾವಾರು ತಪ್ಪು) ±25ರೊಳಗೆ ಎಂಬ 2007ರ ಪ್ರಸಿದ್ಧ ಮಾನದಂಡವನ್ನು 15 ನಿಮಿಷದ ನೆರೆಗೆ ಎಳೆದು ತರಬೇಡಿ. ಅಲ್ಲಿ ಪೀಕ್ ಎಷ್ಟು ತಪ್ಪಿತು, ಎಷ್ಟು ಹೊತ್ತು ತಪ್ಪಿತು ಎಂದು ನೇರವಾಗಿ ಬರೆಯಿರಿ.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಒಳಗಿನ ಬಿಂದುವಿನದ್ದು. ಔಟ್‌ಲೆಟ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿ, ಏನನ್ನೂ ಮುಟ್ಟದೆ, ಮೇಲಿನ ಒಂದು ಕೆರೆಯ ಮಟ್ಟವನ್ನೋ ರಾಜಕಾಲುವೆಯ ಸೆನ್ಸರ್ ಅಳತೆಯನ್ನೋ ಹೋಲಿಸಿ. ಸೂಕ್ಷ್ಮ ಮಾಡೆಲ್ ತನ್ನ ಖರ್ಚನ್ನು ಸಮರ್ಥಿಸಿಕೊಳ್ಳಬೇಕಾದದ್ದು ಇಲ್ಲಿ. ಔಟ್‌ಲೆಟ್‌ನಲ್ಲಿ ಮೂರೂ ಸಮ, ಒಳಗೆ ಮಾತ್ರ ಸೂಕ್ಷ್ಮದ್ದು ಹತ್ತಿರ ಎಂದಾದರೆ ಅದನ್ನೇ ಉಳಿಸಿಕೊಳ್ಳಿ. ಒಳಗೂ ಸಮ ಎಂದಾದರೆ ಹತ್ತಿಪ್ಪತ್ತು ತುಂಡಿನದ್ದು ಸಾಕು.

ಆಯ್ಕೆ ಯಾವುದೇ ಆಗಲಿ, ವರದಿಯಲ್ಲಿ ಡಿಇಎಂನ ಮೂಲ ಗಾತ್ರ, ಸರಾಸರಿ ತುಂಡಿನ ವಿಸ್ತೀರ್ಣ, ನಿಜವಾಗಿ ಬಳಕೆಯಾದ ಮಳೆಮಾಪಕಗಳ ಸಂಖ್ಯೆ, ಮಳೆಯ ಕಾಲಾಂತರ ಮತ್ತು ಲೆಕ್ಕದ ಹೆಜ್ಜೆಯನ್ನು ಪ್ಯಾರಾಮೀಟರ್ ಕೋಷ್ಟಕದ ಪಕ್ಕದಲ್ಲೇ ಬರೆಯಿರಿ. ನಿಮ್ಮ ಕರ್ವ್ ನಂಬರ್ ಗುಣಕವನ್ನು ಮುಂದೆ ಯಾರೋ ಒಬ್ಬ ಎಂಜಿನಿಯರ್ ಬೇರೆ ಗಾತ್ರದ ಗ್ರಿಡ್‌ಗೆ ಎತ್ತಿಕೊಂಡು ಹಾಕುತ್ತಾರೆ. ಅದು ಯಾವ ಗಾತ್ರಕ್ಕೆ ಹೊಂದಿಸಿದ್ದು ಎಂದು ಅವರಿಗೆ ಗೊತ್ತಾಗಬೇಕು.